ಗಿಲಾವಿನ ಮೇಲಿನ ಇಟ್ಟಂಗಿ

ಬೀದರಿನಲ್ಲಿ ಇಟ್ಟಂಗಿ ಕಾಣುವ ಮನೆ ಅಂದರೆ ಹಿಂದೆ ಒಂದೇ ಅರ್ಥ: ರೊಕ್ಕ ಮುಗಿದಿದೆ. ಬಂದ ನೆಂಟರು "ಗಿಲಾವು ಯಾವಾಗ ಮಾಡಿಸ್ತೀರಿ?" ಎಂದು ಕೇಳದೆ ಚಹಾ ಕುಡಿಯುತ್ತಿರಲಿಲ್ಲ. ಈಗ ಹೊಸ ಬಡಾವಣೆಗಳಲ್ಲಿ ನೋಡಿ. ಗಿಲಾವು ಮಾಡಿಸಿ, ಅದು ಆರಿದ ಮೇಲೆ, ಅದರ ಮೇಲೆ ಇಟ್ಟಂಗಿ ಅಂಟಿಸುತ್ತಾರೆ. ಅದೂ ಇಡೀ ಇಟ್ಟಂಗಿಯಲ್ಲ, ಬೆರಳು ದಪ್ಪದ ಬಿಲ್ಲೆ. ಭಾರ ಹೊರುವುದೆಲ್ಲ ಒಳಗಿನ ಕಾಂಕ್ರೀಟ್ ಕಂಬ.

ಮೊದಮೊದಲು ಈ ಬಿಲ್ಲೆಗಳು ನಿಜವಾದ ಗೋಡೆಯ ನಾಟಕ ಆಡುತ್ತಿದ್ದವು. ಬಣ್ಣ ಕೆಂಪೇ ಇರಬೇಕು. ಒಂದು ಸಾಲಿನ ಸಂದು ಕೆಳಗಿನ ಇಟ್ಟಂಗಿಯ ನಡುವೆ ಬರಬೇಕು. ಗೌಂಡಿ ಹೀಗೆ ಸಂದು ತಪ್ಪಿಸಿ ಕಟ್ಟುವುದು ಸುಮ್ನೆ ಅಲ್ಲ. ಸಂದುಗಳು ಒಂದರ ಮೇಲೊಂದು ಬಂದರೆ ಬಿರುಕು ಮೇಲಿಂದ ಕೆಳಗೆ ಸೀದಾ ಓಡುತ್ತದೆ. ಅಂಟಿಸಿದ ಬಿಲ್ಲೆಗೆ ಆ ಚಿಂತೆ ಎಲ್ಲಿದೆ? ನಾಟಕ ಬಯಲಾಗುವುದು ಗೋಡೆಯ ಮೂಲೆಯಲ್ಲಿ. ಅಲ್ಲಿ ಬಿಲ್ಲೆಯ ತೆಳು ಅಂಚು ಇಣುಕುತ್ತದೆ. ಮೂಲೆಗೆಂದೇ ಮಡಿಚಿದ ಆಕಾರದ ಬಿಲ್ಲೆ ಸಿಗುತ್ತದೆ, ಖರ್ಚು ಜಾಸ್ತಿ ಅಂತ ಬಿಡುತ್ತಾರೆ. ಕಿಟಕಿಯ ನೆತ್ತಿಯ ಮೇಲೂ ಅಷ್ಟೇ. ಕಮಾನಿಲ್ಲ, ತೊಲೆ ಕಾಣುವುದಿಲ್ಲ, ಇಟ್ಟಂಗಿಯ ಸಾಲು ಗಾಳಿಯಲ್ಲಿ ನಿಂತಿರುತ್ತದೆ! ನಾನಂತೂ ವಾಸ್ತುಶಾಂತಿಗೆ ಹೋದರೆ ಮೊದಲು ಮೂಲೆ ನೋಡುತ್ತೇನೆ, ಆಮೇಲೆ ಊಟ.

ಈಚೆಗೆ ರಿವಾಜು ಬದಲಾಗಿದೆ. ಬೂದು, ಕಪ್ಪು, ಉದ್ದನೆಯ ತೆಳು ಇಟ್ಟಂಗಿ. ಸಂದುಗಳು ಬೇಕಂತಲೇ ಒಂದರ ಮೇಲೊಂದು. ಕೆಲವರು ಇಟ್ಟಂಗಿಯನ್ನು ನಿಲ್ಲಿಸಿಯೇ ಅಂಟಿಸುತ್ತಾರೆ. ಹಳೆಯ ಗೌಂಡಿಗಳಿಗೆ ಮೈ ಉರಿಯುತ್ತದೆ. ನನಗೆ ಮಾತ್ರ ಇದೇ ವಾಸಿ ಅನ್ನಿಸುತ್ತದೆ. ಇದು ಗೋಡೆಯಲ್ಲ, ಬರೀ ಮೇಲುಡುಪು ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದಲ್ವಾ?

ಹಾಗೆ ನೋಡಿದರೆ ಈ ಕಸುಬು ನಮ್ಮೂರಿಗೆ ಹೊಸದೇನಲ್ಲ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಿಲ್ಲಿ. ಕಲ್ಲಿನ ಗೋಡೆಗೆ ನೀಲಿ, ಬಿಳಿ, ಹಳದಿ, ಹಸಿರು ಮೆರುಗಿನ ಬಿಲ್ಲೆಗಳು. ಉಳಿದಿರುವ ಮಿನಾರಿನ ಮೇಲೆ ಅವು ಅಂಕುಡೊಂಕು ಪಟ್ಟೆಗಳಾಗಿ ಸುತ್ತುತ್ತವೆ. ತಾನೂ ಕಲ್ಲೇ ಎಂದು ಯಾವ ಬಿಲ್ಲೆಯೂ ಸುಳ್ಳು ಹೇಳುವುದಿಲ್ಲ. ಬಹಳಷ್ಟು ಉದುರಿ ಹೋಗಿವೆ. ಒಳಗಿನ ಕಲ್ಲು ಕಂಡರೂ ಕಟ್ಟಡದ ಮಾನಕ್ಕೇನೂ ಕುಂದಿಲ್ಲ.

ನಮ್ಮ ಬಿಲ್ಲೆಗಳೂ ಉದುರುತ್ತವೆ, ಅಷ್ಟು ವರ್ಷ ಕಾಯುವುದಿಲ್ಲ. ನುಣುಪು ಗಿಲಾವಿಗೆ ಬರೀ ಸಿಮೆಂಟ್ ಹಾಲು ಬಳಿದು ಅಂಟಿಸಿದರೆ, ಬೇಸಿಗೆಯ ಬಿಸಿಲು, ಆಮೇಲಿನ ಮಳೆ, ಎರಡೂ ಸೇರಿ ಹಿಡಿತ ಸಡಿಲಿಸುತ್ತವೆ. ಗೋಡೆಗೆ ಕಚ್ಚು ಹೊಡೆಸಿ, ಒಳ್ಳೆಯ ಟೈಲ್ಸ್ ಗೋಂದು ಹಾಕಿಸಿ ಮಾರಾಯರೇ. ಕೆಳಗೆ ಸ್ಕೂಟರ್ ನಿಲ್ಲಿಸುವವರು ನಾವು.