ಎಣ್ಣೆ ಒಣಗುವ ಕಾಲ

ಕೊಡಗಿನಲ್ಲಿ ಮರಕ್ಕೆ ಅಗಸೆ ಎಣ್ಣೆ ಹಚ್ಚಲು ಹೊರಟವನು ಎಣ್ಣೆಯ ಡಬ್ಬಿಗಿಂತ ಮೊದಲು ಗೋಡೆಯ ಕ್ಯಾಲೆಂಡರನ್ನು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತೇ ಬೇಡ. ಆಗ ಇಲ್ಲಿ ಒಗೆದ ಬನಿಯನ್ ಕೂಡ ಒಲೆಯ ಶಾಖ ತಾಗದೆ ಒಣಗುವುದಿಲ್ಲ. ಅಕ್ಟೋಬರ್‌ನ ಹಿಂಗಾರು ಯಾವ ಮಧ್ಯಾಹ್ನ ಗುಡುಗುತ್ತದೋ ಹೇಳಲಾಗದು. ನವೆಂಬರ್ ಹೊತ್ತಿಗೆ ಬಿಸಿಲೇನೋ ಬರುತ್ತದೆ, ಅದರ ಬೆನ್ನಿಗೇ ಕಾಫಿ ಕೊಯ್ಲೂ ಬರುತ್ತದೆ. ಅರೇಬಿಕಾ ಮುಗಿಯಿತು ಎನ್ನುವಷ್ಟರಲ್ಲಿ ರೊಬಸ್ಟಾ ಕೆಂಪಗಾಗಿರುತ್ತದೆ. ಕಣದಲ್ಲಿ ಕಾಫಿ, ಜಗಲಿಯಲ್ಲಿ ಗೋಣಿಚೀಲ, ಎಲ್ಲದರ ಮೇಲೂ ಧೂಳು. ಹಸಿ ಎಣ್ಣೆಯ ಮೇಲೆ ಕುಳಿತ ಧೂಳು ಬಾಡಿಗೆಗೆ ಬರುವುದಿಲ್ಲ, ಸ್ವಂತ ಮನೆ ಮಾಡಿಕೊಂಡೇ ಬಿಡುತ್ತದೆ.

ಉಳಿಯುವುದು ಕೊಯ್ಲು ಮುಗಿದ ಮೇಲಿನ ಕೆಲವು ವಾರಗಳು. ಅದೇ ಹೂಮಳೆಯ ಕಾಲ. ಜಿಲ್ಲೆಗೆ ಜಿಲ್ಲೆಯೇ ಆಕಾಶ ನೋಡುತ್ತ, ಒಂದು ಇಂಚು ಬಿದ್ದರೆ ಸಾಕು, ಕಾಫಿ ಹೂವು ಅರಳಿದರೆ ಸಾಕು ಎಂದು ಪಾಡಿಯ ಇಗ್ಗುತ್ತಪ್ಪನಲ್ಲಿ ಬೇಡಿಕೊಳ್ಳುತ್ತಿರುವಾಗ, ಜಗಲಿಯ ಕಂಬಗಳಿಗೆ ಆಗಷ್ಟೇ ಎಣ್ಣೆ ಹಚ್ಚಿ ಕುಳಿತ ನಾನು ಇನ್ನೂ ಒಂದೆರಡು ದಿನ ಮಳೆ ತಡೆಯಲಪ್ಪ ಎಂದು ಅದೇ ದೇವರಿಗೆ ಒಳಗೊಳಗೇ ಅರ್ಜಿ ಹಾಕುತ್ತೇನೆ. ಮಳೆಯ ದೇವರಿಗೆ ಬಿಸಿಲಿನ ಅರ್ಜಿ! ನೆರೆಯವರಿಗೆ ಗೊತ್ತಾದರೆ ಸ್ಪ್ರಿಂಕ್ಲರ್‌ನ ಡೀಸೆಲ್ ಖರ್ಚನ್ನು ನನ್ನಿಂದಲೇ ವಸೂಲು ಮಾಡಿಯಾರು.

ಅಗಸೆ ನಮ್ಮ ಕಡೆಯ ಬೆಳೆಯಲ್ಲ. ಅದು ಉತ್ತರದ ಎರೆಭೂಮಿಯದು. ಮುಂಗಾರು ಮುಗಿದ ಮೇಲೆ ಬಿತ್ತಿದರೆ, ಕಪ್ಪು ಮಣ್ಣಿನಲ್ಲಿ ಉಳಿದ ಹಸಿಯನ್ನೇ ಕುಡಿದುಕೊಂಡು, ಚಳಿಗಾಲದ ಇಬ್ಬನಿಯಲ್ಲಿ ಬೆಳೆದು, ಬೆಳಗಿನ ಹೊತ್ತು ತಿಳಿನೀಲಿ ಹೂವು ಬಿಡುತ್ತದೆ. ಆ ಊರುಗಳಲ್ಲಿ ಅಗಸೆ ಎಂದರೆ ಜೋಳದ ರೊಟ್ಟಿಯ ಪಕ್ಕದ ಚಟ್ನಿಪುಡಿ. ಧಾರವಾಡದ ಸ್ನೇಹಿತರೊಬ್ಬರಿಗೆ ನಾನು ಅದರ ಎಣ್ಣೆಯನ್ನು ಕಿಟಕಿಯ ಚೌಕಟ್ಟಿಗೆ ಹಚ್ಚುತ್ತೇನೆ ಎಂದಾಗ ಅವರು ಮುಖ ಕಿವುಚಿದ್ದು ನೋಡಬೇಕಿತ್ತು. ದೊಡ್ಡ ಮಳೆಯನ್ನೇ ಕಾಣದೆ ಬೆಳೆದ ಬೀಜದ ಎಣ್ಣೆ, ವರ್ಷಕ್ಕೆ 100 ಇಂಚು ದಾಟಿ ಸುರಿಯುವ ಮಡಿಕೇರಿಯಲ್ಲಿ ಮರದ ಕಾವಲಿಗೆ ನಿಲ್ಲಬೇಕು. ಹುದ್ದೆ ದೊಡ್ಡದು, ಅನುಭವ ಸೊನ್ನೆ.

ಆದರೆ ಅಡುಗೆಮನೆಯ ಹೆಚ್ಚಿನ ಎಣ್ಣೆಗಳಿಗೆ ಇಲ್ಲದ ಒಂದು ಗುಣ ಇದಕ್ಕಿದೆ: ಇದು ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆಯನ್ನು ಮರಕ್ಕೆ ಬಳಿದು ಹತ್ತು ವರ್ಷ ಬಿಟ್ಟು ಬಂದರೂ ಅದು ಎಣ್ಣೆಯಾಗಿಯೇ ಇರುತ್ತದೆ, ಕಮಟು ವಾಸನೆ ಬೇರೆ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಾಗಿರುವುದು ಲಿನೋಲೆನಿಕ್ ಆಮ್ಲ; ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೆಗಾ-3ಗಳಲ್ಲಿ ಅದೂ ಒಂದು. ಈ ಆಮ್ಲಕ್ಕೆ ಗಾಳಿಯ ಆಮ್ಲಜನಕವೆಂದರೆ ವಿಪರೀತ ಆಸೆ. ಅದನ್ನು ಹಿಡಿದುಕೊಂಡು ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತ ಹೋಗಿ ಕೊನೆಗೆ ತೆಳುವಾದ ಗಟ್ಟಿ ಪದರವಾಗುತ್ತವೆ. ಈ ಆಸೆಯನ್ನು ಅಳೆಯಲು ರಸಾಯನಶಾಸ್ತ್ರದವರು ಅಯೋಡಿನ್ ಮೌಲ್ಯವೆಂಬ ಲೆಕ್ಕ ಇಟ್ಟಿದ್ದಾರೆ: ಕೊಬ್ಬರಿ ಎಣ್ಣೆಗೆ ಅದು 10ರ ಆಸುಪಾಸು, ಅಗಸೆ ಎಣ್ಣೆಗೆ 170ರ ಮೇಲೆ. ಹಾಗಾಗಿ ನಾವು ಒಣಗುವುದು ಎಂದು ಕರೆಯುವ ಕ್ರಿಯೆಯಲ್ಲಿ ಎಣ್ಣೆಯಿಂದ ಏನೂ ಆವಿಯಾಗಿ ಹೋಗಬೇಕಿಲ್ಲ. ಹೊರಗಿನಿಂದ ಆಮ್ಲಜನಕ ಬಂದು ಸೇರುತ್ತದೆ, ಎಣ್ಣೆಯ ತೂಕ ಏರುತ್ತದೆ. ಒಣಗಿ ತೂಕ ಹೆಚ್ಚುವ ಪದಾರ್ಥ! ಒಣಗಿಸಿದ ಕಾಫಿಯ ತೂಕ ಕಡಿಮೆಯಾಯಿತೆಂದು ವರ್ಷವೂ ವ್ಯಾಪಾರಿಯೊಡನೆ ಜಗಳವಾಡುವ ನಮಗೆ ಇದನ್ನು ನಂಬುವುದು ಕಷ್ಟ.

ಅರ್ಧ ಬಳಸಿ ಮುಚ್ಚಿಟ್ಟ ಡಬ್ಬಿಯೊಳಗೆ ಕೆನೆಗಟ್ಟುವುದೂ ಇದೇ ಕಾರಣಕ್ಕೆ. ನಾನು ಆ ಕೆನೆಯನ್ನು ಕಡ್ಡಿಯಿಂದ ಎತ್ತಿ ಬಿಸಾಡುತ್ತೇನೆ. ಇಂಗ್ಲೆಂಡಿನ ಫ್ರೆಡೆರಿಕ್ ವಾಲ್ಟನ್ ಎಂಬವನು ಬಣ್ಣದ ಡಬ್ಬಿಯಲ್ಲಿ ಕಟ್ಟಿದ ಅಂಥದೇ ಕೆನೆಯನ್ನು ನೋಡಿ ಲಿನೋಲಿಯಂ ನೆಲಹಾಸನ್ನು ಕಂಡುಹಿಡಿದ, 1860ರ ದಶಕದಲ್ಲಿ. ಒಂದೇ ಕೆನೆ, ಯಾರ ಕಣ್ಣಿಗೆ ಬಿತ್ತು ಎನ್ನುವುದರ ಮೇಲೆ ಇದೆ.

ಅಂಗಡಿಯಲ್ಲಿ ಇದು ಎರಡು ರೂಪದಲ್ಲಿ ಸಿಗುತ್ತದೆ. ಹಸಿ ಎಣ್ಣೆ ಒಂದು, ಬಾಯ್ಲ್ಡ್ ಎಂದು ಚೀಟಿ ಅಂಟಿಸಿಕೊಂಡದ್ದು ಇನ್ನೊಂದು. ಹೆಸರು ನಂಬಿ ಯಾರೋ ಕಡಾಯಿಯಲ್ಲಿ ಕುದಿಸಿದ್ದಾರೆ ಎಂದುಕೊಳ್ಳಬಾರದು. ಈಗ ಸಾಮಾನ್ಯವಾಗಿ ಮಾಡುವುದೇನೆಂದರೆ, ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣವನ್ನು ಸ್ವಲ್ಪ ಬೆರೆಸಿ ಗಾಳಿ ಹೀರುವ ಕೆಲಸಕ್ಕೆ ಅವಸರ ಹುಟ್ಟಿಸುವುದು. ಹಸಿಯದು ಒಣಗಲು ವಾರಗಟ್ಟಲೆ ಬೇಕು, ಇದಕ್ಕೆ ಒಳ್ಳೆಯ ಹವೆಯಲ್ಲಿ ಒಂದು ದಿನ ಸಾಕು. ಆದರೆ ಲೋಹ ಬೆರೆತದ್ದನ್ನು ಅಡುಗೆಮನೆಯ ಚಪಾತಿ ಮಣೆಗೋ ಮರದ ಸೌಟಿಗೋ ಹಚ್ಚಬಾರದು. ಅವಕ್ಕೆ ತಿನ್ನುವ ಅಗಸೆ ಎಣ್ಣೆಯನ್ನೇ ಹಚ್ಚಿ, ಅದು ಒಣಗುವವರೆಗೆ ಮನೆಯವರು ಬೈಯುವುದನ್ನು ಕೇಳಿಸಿಕೊಳ್ಳಬೇಕು.

ಹಚ್ಚುವ ವಿದ್ಯೆ ದೊಡ್ಡದೇನಲ್ಲ. ಮೊದಲ ಸಲಕ್ಕೆ ಸಮಪಾಲು ಟರ್ಪೆಂಟೈನ್ ಬೆರೆಸಿ ತೆಳುಮಾಡಿ, ಬಟ್ಟೆಯಿಂದ ಮರದ ಎಳೆಯ ಗುಂಟ ಉಜ್ಜಿ, ಅರ್ಧ ಗಂಟೆ ಬಿಟ್ಟು, ಮರ ಕುಡಿಯದೆ ಉಳಿಸಿದ್ದನ್ನೆಲ್ಲ ಒರೆಸಿ ತೆಗೆಯಬೇಕು. ಈ ಒರೆಸಿ ತೆಗೆಯುವುದನ್ನು ಜಿಪುಣತನ ಮಾಡಿ ಬಿಟ್ಟವರ ಕುರ್ಚಿಯಲ್ಲಿ ನಾನು ಕುಳಿತಿದ್ದೇನೆ. ಏಳುವಾಗ ಪ್ಯಾಂಟ್ ಸ್ವಲ್ಪ ತಡವಾಗಿ ಎದ್ದಿತು. ದಪ್ಪಗೆ ಬಳಿದ ಎಣ್ಣೆಯ ಮೇಲ್ಭಾಗ ಮೊದಲು ಗಟ್ಟಿಯಾಗಿ ಸುಕ್ಕುಗಟ್ಟುತ್ತದೆ, ಒಳಗಿನದಕ್ಕೆ ಗಾಳಿ ಸಿಗದೆ ಅಂಟು ಅಂಟಾಗಿಯೇ ಉಳಿಯುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಒರೆಸಿದ ಬಟ್ಟೆಯ ವಿಷಯದಲ್ಲಿ. ಗಾಳಿ ಹೀರುವಾಗ ಈ ಎಣ್ಣೆ ಬಿಸಿ ಹುಟ್ಟಿಸುತ್ತದೆ. ಕಂಬದ ಮೇಲಿದ್ದರೆ ಆ ಬಿಸಿ ಹರಡಿ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯೊಳಗೆ ಹೋಗಲು ದಾರಿಯಿಲ್ಲದೆ ಏರುತ್ತ ಏರುತ್ತ, ಬೆಂಕಿಕಡ್ಡಿ ಗೀರುವವರಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಇದು ಹೆದರಿಸಲು ಹೇಳುವ ಕಥೆಯಲ್ಲ. 1991ರ ಫೆಬ್ರವರಿ 23ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡದ 22ನೇ ಅಂತಸ್ತಿನಲ್ಲಿ, ಮರದ ಹಲಗೆಗಳಿಗೆ ಎಣ್ಣೆ ಹಚ್ಚಿದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಬೆಂಕಿ ಹುಟ್ಟಿತು. ಅಗ್ನಿಶಾಮಕ ದಳದ ಮೂವರು ಸತ್ತರು. ಬೆಂಕಿ 30ನೇ ಅಂತಸ್ತಿಗೆ ಏರಿ, ಅಲ್ಲಿದ್ದ ನೀರು ಚಿಮ್ಮುವ ವ್ಯವಸ್ಥೆಗೆ ಸಿಕ್ಕಿ ನಿಂತಿತು. ಕಟ್ಟಡವನ್ನು ಆಮೇಲೆ ಕೆಡವಬೇಕಾಯಿತು. ಅದನ್ನು ಓದಿದ ಮೇಲೆ ನಾನು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬಿಡಿಸಿ, ತೋಟದ ಮುಳ್ಳುತಂತಿಗೆ ಒಂದೊಂದಾಗಿ ಹರವುತ್ತೇನೆ. ರಸ್ತೆಯಲ್ಲಿ ಹೋಗುವವರು ಇಷ್ಟು ಹರಕಲು ಬಟ್ಟೆ ಒಗೆದು ಹಾಕಿದ್ದಾರಲ್ಲ, ಈ ಸಲ ಕಾಫಿಗೆ ಬೆಲೆ ಸಿಗಲಿಲ್ಲವೇನೋ ಎಂದುಕೊಳ್ಳುವುದು ಸಹಜ.

ಇಷ್ಟೆಲ್ಲ ರಗಳೆ ಏಕೆ ಎಂದು ಮಡಿಕೇರಿಯ ಹಾರ್ಡ್‌ವೇರ್ ಅಂಗಡಿಯವರೂ ಕೇಳುತ್ತಾರೆ. "ಲಿನ್‌ಸೀಡ್ ಈಗ ಯಾರು ಹಚ್ಚುತ್ತಾರೆ ಸಾರ್? ಪಿಯು (ಪಾಲಿಯುರೆಥೇನ್) ಕೋಟಿಂಗ್ ತೆಗೆದುಕೊಂಡು ಹೋಗಿ. ಐದು ವರ್ಷ ತಿರುಗಿ ನೋಡುವುದೇ ಬೇಡ." ಅವರ ಮಾತಿನಲ್ಲಿ ಸುಳ್ಳಿಲ್ಲ. ನೀರನ್ನು ತಡೆಯುವುದರಲ್ಲಿ ಅಗಸೆ ಎಣ್ಣೆ ದುರ್ಬಲ. ಮಳೆಯ ಎರಚಲು ಬಡಿಯುವಲ್ಲಿ ಒಂದು ಮಳೆಗಾಲ ತಾಳಿದರೆ ಪುಣ್ಯ. ಗೆದ್ದಲಿಗೆ ಅದು ವಿಷವಲ್ಲ, ಬೂಷ್ಟಿಗಂತೂ ಆಹಾರ. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ಎಣ್ಣೆ ಹಚ್ಚಿದ ಬಾಗಿಲ ಮೇಲೆ ಕಪ್ಪು ಚುಕ್ಕೆಗಳು ಸಭೆ ಸೇರಿರುತ್ತವೆ. ಹಿಂದಿನವರು ಇದನ್ನು ನೆಚ್ಚಿಕೊಂಡು ಮನೆ ಕಟ್ಟಿದವರೂ ಅಲ್ಲ. ಐನ್‌ಮನೆಗಳೆಂಬ ಕೊಡವ ಕುಟುಂಬಗಳ ಮೂಲಮನೆಗಳ ಕಂಬಗಳು ನೂರಾರು ವರ್ಷ ಬಾಳಿದ್ದು ಮರದ ಜಾತಿಯಿಂದ, ಮುಂದಕ್ಕೆ ಚಾಚಿದ ಮಾಡಿನಿಂದ, ಅಡುಗೆಮನೆಯ ಹೊಗೆಯಿಂದ. ಘಟ್ಟದ ಕೆಳಗಿನವರು ಮಾಡಿನ ಮರಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ, ಮೈ ಸುಡುವ ಗೇರೆಣ್ಣೆ ಬಳಿಯುತ್ತಿದ್ದರು, ಅದರ ಹತ್ತಿರ ಗೆದ್ದಲೂ ಸುಳಿಯದು, ಮನುಷ್ಯರೂ ಸುಳಿಯಲಾರರು.

ಆದರೂ ನನ್ನ ತಕರಾರಿರುವುದು ಆ "ತಿರುಗಿ ನೋಡುವುದೇ ಬೇಡ" ಎಂಬಲ್ಲಿ. ಎಣ್ಣೆ ಹಚ್ಚುವವನು ಪ್ರತಿ ವರ್ಷ ಪ್ರತಿ ಕಂಬದ ಮೇಲೂ ಬುಡದಿಂದ ತುದಿಯವರೆಗೆ ಕೈಯಾಡಿಸಲೇಬೇಕು. ಮೂರನೆಯ ಕಂಬದ ಬುಡ ಸ್ವಲ್ಪ ಮೆತ್ತಗಿದೆ, ಮೇಲೆ ಹೆಂಚು ಜಾರಿ ನೀರು ಇಳಿಯುತ್ತಿದೆ. ಕಿಟಕಿಯ ಹಿಂದೆ ಗೆದ್ದಲು ಮಣ್ಣಿನ ದಾರಿ ಕಟ್ಟಿದೆ. ಬಾಗಿಲ ತಿರುಗುಣಿ ಸಡಿಲವಾಗಿದೆ. ಇವೆಲ್ಲ ಗೊತ್ತಾಗುವುದು ಆಗ. ಮರವನ್ನು ಉಳಿಸುವುದು ಎಣ್ಣೆಯೋ ಈ ತಪಾಸಣೆಯೋ ಎಂದರೆ ನಾನು ತಪಾಸಣೆಯ ಕಡೆಗೇ ಕೈ ಎತ್ತುತ್ತೇನೆ. ಹಾಗೆಂದು ಬರಿಗೈಯಲ್ಲಿ ಕಂಬ ಸವರುತ್ತ ನಿಂತರೆ ಮನೆಯವರು ವೈದ್ಯರ ಬಳಿಗೆ ಕರೆದೊಯ್ದಾರು. ಕೈಯಲ್ಲೊಂದು ಎಣ್ಣೆಯ ಬಟ್ಟೆ ಇರುವುದು ಕ್ಷೇಮ. ವಾರ್ನಿಷ್ ಎದ್ದು ಸಿಪ್ಪೆಯಾದರೆ ಎಲ್ಲವನ್ನೂ ಕೆರೆದು ಹೊಸದಾಗಿ ಶುರುಮಾಡಬೇಕು. ಎಣ್ಣೆಗೆ ಆ ಹಟವಿಲ್ಲ, ಹಳೆಯದರ ಮೇಲೆ ಹೊಸದು ಹಚ್ಚಿದರಾಯಿತು.

ಎಲ್ಲ ಮರಗಳೂ ಇದನ್ನು ಒಂದೇ ರೀತಿ ಸ್ವೀಕರಿಸುವುದಿಲ್ಲ. "ಕುಡಿಯುವ ಮರಕ್ಕೆ ಕೊಡಿ ಸಾರ್, ಕುಡಿಯದ್ದಕ್ಕೆ ಬಲವಂತ ಬೇಡ" ಎನ್ನುತ್ತಾರೆ ನಮ್ಮ ಆಚಾರಿ. ತೇಗದ ಮೈಯಲ್ಲೇ ಎಣ್ಣೆಯಿದೆ, ಅದಕ್ಕೆ ನಮ್ಮದು ಬೇಕಿಲ್ಲ. ಬೀಟೆಯಂತೂ ತನ್ನೊಳಗಿನ ಸತ್ವದಿಂದ ಎಣ್ಣೆ ಗಟ್ಟಿಯಾಗುವುದನ್ನೇ ತಡೆಯುತ್ತದೆ. ಕಪ್ಪು ಬಂಗಾರದಂಥ ಮರ, ಸೊಕ್ಕೂ ಅಷ್ಟೇ ಇದೆ. ಹಲಸು ಮಾತ್ರ ಆಸೆಯಿಂದ ಕುಡಿದು ಹಳದಿಯಿಂದ ಜೇನುಬಣ್ಣಕ್ಕೆ, ಅಲ್ಲಿಂದ ವರ್ಷಗಳು ಕಳೆದಂತೆ ಕಂದುಗೆಂಪಿಗೆ ತಿರುಗುತ್ತದೆ. ತೋಟದಲ್ಲಿ ಮೆಣಸಿನ ಬಳ್ಳಿಯನ್ನು ಹೊತ್ತು ನಿಲ್ಲುವ ಸಿಲ್ವರ್ ಓಕ್ ಬಡವರ ಮರವೆಂದು ಎಲ್ಲರ ತಾತ್ಸಾರ. ಕೊಯ್ದ ಹಲಗೆಗೆ ಒಮ್ಮೆ ಎಣ್ಣೆ ತಾಗಿಸಿ ನೋಡಿ, ಅಡಗಿದ್ದ ಮಚ್ಚೆಗಳೆಲ್ಲ ಬೆಳಕಿಗೆ ಹೊಳೆಯುತ್ತ ಮೇಲೆದ್ದು ಬರುತ್ತವೆ. ಕಿತ್ತ ಹಳೆಯ ಕಾಫಿ ಗಿಡದ ಬುಡಗಳಿಂದ ಮಾಡುವ ಟೀಪಾಯಿಗಳನ್ನು ಪ್ರವಾಸಿಗರಿಗಾಗಿ ಗಾಜಿನಂತೆ ಮಿನುಗುವ ವಾರ್ನಿಷ್‌ನಲ್ಲಿ ಅದ್ದಿ ಇಟ್ಟಿರುತ್ತಾರೆ. ಅಷ್ಟು ಸುಂದರವಾದ ಗಂಟುಗಳಿಗೆ ಅದೇಕೆ ರೇನ್‌ಕೋಟ್ ತೊಡಿಸುತ್ತಾರೋ!

ಕೊಡಗಿನಲ್ಲಿ ಅಗಸೆ ಎಣ್ಣೆಗೆ ಸಲ್ಲುವ ಗೌರವ ಇನ್ನೂ ಒಂದು ಕಡೆ ಉಳಿದಿದೆ: ಕೋವಿಯ ಹಿಡಿಯಲ್ಲಿ. ಅಕ್ರೋಟ್ ಮರದ ಹಿಡಿಗೆ ಅಗಸೆ ಎಣ್ಣೆ ಉಜ್ಜುವುದು ಹಳೆಯ ಪದ್ಧತಿ. ಬ್ರಿಟಿಷ್ ಸೇನೆಯ ಲೀ ಎನ್‌ಫೀಲ್ಡ್ ಬಂದೂಕುಗಳಿಗೂ ಹಸಿ ಅಗಸೆ ಎಣ್ಣೆಯೇ ಆರೈಕೆ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದು, ಒರೆಸಿ, ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುತ್ತಾರೆ. ತೊಂದರೆ ಇರುವುದು ತಾರೀಖಿನಲ್ಲಿ. ಹಬ್ಬ ಬರುವುದು ಸೆಪ್ಟೆಂಬರ್ ಆರಂಭಕ್ಕೆ. ಕೋವಿ ನೆನಪಾಗುವುದು ಆಗಸ್ಟ್ ಕೊನೆಗೆ. ಮೇ ತಿಂಗಳಲ್ಲಿ ಮುಗಿಸಬೇಕಿದ್ದ ಕೆಲಸವನ್ನು ಹೊರಗೆ ಮಳೆ ಸುರಿಯುತ್ತಿರುವಾಗ ಮಾಡಿದರೆ ಎಣ್ಣೆ ಎಲ್ಲಿ ಗಟ್ಟಿಯಾಗಬೇಕು?

ಒಮ್ಮೆ ಪಕ್ಕದ ತೋಟದವರ ಜೋಡುನಳಿಗೆ ಕೋವಿಯ ಹಿಡಿಗೆ ಹಬ್ಬ ಇನ್ನೇನು ಬಂತು ಎನ್ನುವಾಗ ಯಾರೋ ಧಾರಾಳವಾಗಿ ಎಣ್ಣೆ ಬಳಿದಿದ್ದರು. ಪೂಜೆಯ ಗಂಧವೂ ಹೂವಿನ ಎಸಳುಗಳೂ ಹಿಡಿಯ ಮೇಲೇ ಕಚ್ಚಿಕೊಂಡವು. ಪಂದಿ ಕರಿ, ಕಡಂಬಿಟ್ಟಿನ ಊಟಕ್ಕೆ ಮೊದಲು ಎಲ್ಲರೂ ಸರದಿಯಲ್ಲಿ ಅದನ್ನೇ ಕೆನ್ನೆಗೊತ್ತಿ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಹಿಡಿದರು. ಕಾಯಿ ತಪ್ಪಿದವರೆಲ್ಲ ಎಣ್ಣೆಯ ದೆಸೆಯಿಂದ ಹಿಡಿ ಜಾರಿತು ಎಂದರು. ಅರೆಬರೆ ಒಣಗಿದ ಅಗಸೆ ಎಣ್ಣೆ ಅಂಟುತ್ತದೆಯೇ ಹೊರತು ಜಾರುವುದಿಲ್ಲ ಎಂದು ಹೇಳಬೇಕೆನಿಸಿತು. ಎದುರಿಗಿದ್ದವರ ಕೈಯಲ್ಲಿ ಕೋವಿ ಇದ್ದುದರಿಂದ ಹೇಳಲಿಲ್ಲ.