ಗುಳಿಗೆ ನಾಟದಿದ್ದರೆ ತಪ್ಪು ಯಾರದು?

ಪ್ರಶ್ನೆ: ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿಗಳ) ಚಿಕಿತ್ಸೆ ಫಲಿಸದ ಪ್ರತಿಯೊಬ್ಬ ಎಚ್‌ಐವಿ ಸೋಂಕಿತರಿಗೂ ಔಷಧಿ ಬದಲಿಸುವ ಮೊದಲು ಪ್ರತಿರೋಧ ಪರೀಕ್ಷೆ (ವೈರಸ್ ಯಾವ ಔಷಧಿಗೆ ಬಗ್ಗುವುದಿಲ್ಲ ಎಂದು ತಿಳಿಸುವ ರಕ್ತ ಪರೀಕ್ಷೆ) ಮಾಡಿಸಬೇಕೇ?

ಪರ
ಮೊದಲು ರಕ್ತವನ್ನು ಕೇಳಿ, ಆಮೇಲೆ ರೋಗಿಯನ್ನು
(ಮಂಡ್ಯ ಜಿಲ್ಲೆಯಲ್ಲಿ ಎಆರ್‌ಟಿ ಆಪ್ತಸಮಾಲೋಚಕಿಯಾಗಿದ್ದವರು)

ಅವಳು ಸಕ್ಕರೆ ಚೀಲದ ಬಾಯಿ ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದಳು. ಬಿಳಿ ಪ್ಲಾಸ್ಟಿಕ್ ಡಬ್ಬಿಗಳು. ಒಂದರ ಮೇಲೂ ಲೇಬಲ್ ಇರಲಿಲ್ಲ. ಎಲ್ಲವನ್ನೂ ಉಗುರಿನಲ್ಲಿ ಕೆರೆದು ತೆಗೆದಿದ್ದಳು, ಉಳಿದ ಅಂಟಿಗೆ ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ತಿಪ್ಪೆಗೆ ಎಸೆದರೆ ಯಾರಾದರೂ ಕಂಡಾರು ಅಂತ ಮೂರು ವರ್ಷದ ಖಾಲಿ ಡಬ್ಬಿಗಳನ್ನು ರಾಗಿ ವಾಡೆಯ ಹಿಂದೆ ಬಚ್ಚಿಟ್ಟಿದ್ದಳಂತೆ. "ಎಣಿಸ್ಕಳಿ ಮೇಡಂ. ಒಂದೊತ್ತು ತಪ್ಸಿದ್ರೆ ನನ್ ಮಗಿನ್ ಮೇಲಾಣೆ" ಅಂದಳು. ಎಣಿಸಿದೆ. 36 ಇರಬೇಕಿತ್ತು, 34 ಇದ್ದವು. ಎರಡನ್ನು ಮಗು ಆಟಕ್ಕೆ ತಗೊಂಡು ಕಳೆದುಬಿಟ್ಟಿತ್ತು.

ಅದಕ್ಕೆ ಹಿಂದಿನ ತಿಂಗಳು ಅವಳ ಹಸಿರು ಪುಸ್ತಕದಲ್ಲಿ "ಮಾತ್ರೆ ಸರಿಯಾಗಿ ಸೇವಿಸುತ್ತಿಲ್ಲ" ಅಂತ ಬರೆದವಳು ನಾನೇ.

ಅವಳದು ಮಳವಳ್ಳಿ ಕಡೆಯ ಊರು. ಕಬ್ಬು ಕಡಿಯುವ ಕೆಲಸ. 2009ರಲ್ಲಿ ಹೆರಿಗೆಯಾದಾಗ ನೋವು ಶುರುವಾದ ಮೇಲೆ ಕೂಸಿಗೆ ಸೋಂಕು ದಾಟದಿರಲಿ ಅಂತ ಅವಳಿಗೊಂದು ನೆವಿರಾಪಿನ್ ಗುಳಿಗೆ ಕೊಟ್ಟರು, ಹುಟ್ಟಿದ ಕೂಸಿಗೆ ಅದೇ ಔಷಧಿಯ ಸಿರಪ್ ಹಾಕಿದರು. ಆ ಕಾಲದ ಪದ್ಧತಿ ಅದು. ಎಷ್ಟೋ ಮಕ್ಕಳನ್ನು ಉಳಿಸಿದ ಪದ್ಧತಿ, ಅವಳ ಮಗನೂ ನೆಗೆಟಿವ್ ಆದ. ಆದರೆ ನೆವಿರಾಪಿನ್ ರಕ್ತದಿಂದ ಬೇಗ ಇಳಿಯುವುದಿಲ್ಲ. ಒಂದೇ ಗುಳಿಗೆ ನುಂಗಿದರೂ ಅದರ ಅಂಶ ದಿನಗಟ್ಟಲೆ ಉಳಿಯುತ್ತದೆ. ಜೊತೆಗೆ ಬೇರೆ ಔಷಧಿ ಇಲ್ಲದೆ ಅದೊಂದೇ ಉಳಿದಾಗ ವೈರಸ್ ಅದಕ್ಕೆ ಪಳಗಿಬಿಡುತ್ತದೆ. ಎಚ್‌ಐವಿ ತನ್ನ ನಕಲು ಮಾಡಿಕೊಳ್ಳುವಾಗ ತಪ್ಪುಗಳನ್ನು ಮಾಡುತ್ತಲೇ ಇರುತ್ತದೆ, ತಿದ್ದಿಕೊಳ್ಳುವುದಿಲ್ಲ. ಆ ತಪ್ಪುಗಳಲ್ಲಿ ಯಾವುದೋ ಒಂದು ಔಷಧಿಯ ಹಿಡಿತಕ್ಕೆ ಸಿಗದೆ ಉಳಿದುಕೊಂಡರೆ ಸಾಕು, ಮುಂದೆ ಅದರ ಸಂತಾನವೇ ಬೆಳೆಯುತ್ತದೆ.

ನಾಲ್ಕು ತಿಂಗಳ ಬಾಣಂತಿಗೆ ಎಆರ್‌ಟಿ ಶುರುವಾಯಿತು: ಜಿಡೊವುಡಿನ್, ಲಾಮಿವುಡಿನ್, ಅವುಗಳ ಜೊತೆಗೆ ಅದೇ ನೆವಿರಾಪಿನ್. ಅವಳ ಪಾಲಿಗೆ ಮೂರರಲ್ಲಿ ಒಂದು ಮೊದಲ ದಿನದಿಂದಲೇ ಸತ್ತಿತ್ತು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಹೆರಿಗೆಯಲ್ಲಿ ಕೊಟ್ಟ ಗುಳಿಗೆಯ ವಿಷಯವನ್ನು ಯಾರೂ ಕೇಳಲೂ ಇಲ್ಲ. 2012ರಲ್ಲಿ ಸಿಡಿ4, ಅಂದರೆ ಸೋಂಕಿನಿಂದ ಮೈ ಕಾಯುವ ರಕ್ತಕಣಗಳ ಲೆಕ್ಕ, ಇಳಿಯತೊಡಗಿತು. ಕೌನ್ಸೆಲಿಂಗ್ ಮಾಡಿ ಅಂತ ನನ್ನ ಬಳಿ ಕಳಿಸಿದರು. ನಾನು ಮಾಡಿದ್ದು ಕೌನ್ಸೆಲಿಂಗ್ ಅಲ್ಲ, ವಿಚಾರಣೆ. ನಿಜ ಹೇಳಮ್ಮ, ಅತ್ತೆ ಮುಂದೆ ನುಂಗಕ್ಕೆ ಹೆದರಿಕೆಯಾ? ಕೆಲಸಕ್ಕೆ ಹೋದಾಗ ಮರೀತೀಯಾ? ಪ್ರತಿ ಸಲವೂ ಇಲ್ಲ ಅಂದಳು. ಪ್ರತಿ ಸಲವೂ ನಾನು ನಂಬಲಿಲ್ಲ.

ಡಬ್ಬಿ ಸುರಿದ ದಿನ ನಂಬಿದೆ. ಆದರೆ ನನ್ನ ನಂಬಿಕೆ ಫೈಲಿನಲ್ಲಿ ಸೇರುವಂಥದ್ದಲ್ಲವಲ್ಲ. ಇನ್ನೂ ಆರು ತಿಂಗಳು ಹಾಗೇ ಹೋಯಿತು. ಟಿಬಿ ಬಂತು. ಹೊರೆ ಕಬ್ಬು ಹೊರುತ್ತಿದ್ದವಳು ಒಂದು ಬಿಂದಿಗೆ ನೀರು ಎತ್ತಲಾರದೆ ಹೋದಳು. ಕೊನೆಗೆ ಅವಳ ಅಣ್ಣ ಆಲೆಮನೆಯಲ್ಲಿ ಮುಂಗಡ ತಂದು, ಖಾಸಗಿ ಲ್ಯಾಬಿಗೆ ದುಡ್ಡು ಕಟ್ಟಿ ರಕ್ತ ಕೊಡಿಸಿದ. ವರದಿಯಲ್ಲಿ ವೈರಸ್‌ನಲ್ಲಾದ ಎರಡು ಬದಲಾವಣೆಗಳ ಹೆಸರಿತ್ತು: ವೈ181ಸಿ, ಎಂ184ವಿ. ಮೊದಲನೆಯದಿದ್ದರೆ ನೆವಿರಾಪಿನ್ ನಾಟುವುದಿಲ್ಲ. ಎರಡನೆಯದಿದ್ದರೆ ಲಾಮಿವುಡಿನ್ ನಾಟುವುದಿಲ್ಲ. ಆ ಹಾಳೆ ಕೈಗೆ ಬಂದ ಮೇಲೆ ಯಾರೂ ಅವಳನ್ನು ಏನೂ ಕೇಳಲಿಲ್ಲ. ಎರಡನೇ ಸಾಲಿನ ಔಷಧಿ, ಅಂದರೆ ಮೊದಲು ಕೊಟ್ಟದ್ದು ಸೋತವರಿಗೆ ಕೊಡುವಂಥದ್ದು, ಸಿಕ್ಕಿತು, ಚೇತರಿಸಿಕೊಂಡಳು.

ನನ್ನ ವಾದ ಇಷ್ಟೇ. ಆ ಹಾಳೆ ಒಂದು ವರ್ಷ ಮೊದಲೇ ಬರಬೇಕಿತ್ತು, ಅವಳ ಅಣ್ಣನ ಸಾಲದಿಂದ ಬರಬಾರದಿತ್ತು.

ಅದೆಲ್ಲ ಹಳೆಯ ಕಾಲದ ಕತೆ, ಈಗ ಔಷಧಿ ಬದಲಾಗಿದೆ ಅನ್ನುತ್ತಾರೆ. ಬದಲಾಗಿದೆ, ಒಪ್ಪುತ್ತೇನೆ. ನೆವಿರಾಪಿನ್, ಎಫಾವಿರೆಂಜ್ ಕಾಲದಲ್ಲಿ ಚಿಕಿತ್ಸೆ ಸೋತವರ ರಕ್ತ ನೋಡಿದರೆ ಹೆಚ್ಚಿನವರಲ್ಲಿ ಎಂ184ವಿ ಇರುತ್ತಿತ್ತು, ಜೊತೆಗೆ ಕೆ103ಎನ್ (ಆ ಔಷಧಿಗಳನ್ನೇ ಸೋಲಿಸುವ ಇನ್ನೊಂದು ಬದಲಾವಣೆ) ಅಥವಾ ವೈ181ಸಿ. 2020ರ ಆಸುಪಾಸಿನಿಂದ ನಮ್ಮ ಕೇಂದ್ರಗಳಿಗೆ ಡೊಲುಟೆಗ್ರಾವಿರ್ ಬಂತು. ಒಳ್ಳೆಯ ಔಷಧಿ, ವೈರಸ್ ಅದಕ್ಕೆ ಅಷ್ಟು ಸುಲಭವಾಗಿ ಪಳಗುವುದಿಲ್ಲ. ಆದರೆ ಅದರ ಜೊತೆಗೆ ಹೊಸದೊಂದು ಮಾತೂ ಬಂತು: "ಈ ಗುಳಿಗೆಗೆ ರೆಸಿಸ್ಟೆನ್ಸ್ ಬರಲ್ಲ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) 1000 ದಾಟಿದೆ ಅಂದ್ರೆ ನೀನು ತಪ್ಪಿಸಿದ್ದೀಯ." ಅದೇ ವಿಚಾರಣೆ, ಅದೇ ಕುರ್ಚಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಏನು ಹೇಳಿತು? ಡೊಲುಟೆಗ್ರಾವಿರ್ ಸೇವಿಸುತ್ತಿದ್ದೂ ವೈರಲ್ ಲೋಡ್ ಇಳಿಯದವರಲ್ಲಿ ಅದರ ಪ್ರತಿರೋಧ ಸಮೀಕ್ಷೆಗಳಲ್ಲಿ ಶೇ 3.9ರಿಂದ 8.6ರವರೆಗೆ ಕಂಡುಬಂದಿದೆ. ವೈರಲ್ ಲೋಡ್ ಹೆಚ್ಚಿದ್ದಾಗಲೇ ಹಳೆಯ ಔಷಧಿಯಿಂದ ಇದಕ್ಕೆ ಬದಲಾದವರಲ್ಲಿ ಶೇ 19.6ರವರೆಗೆ ಹೋಗಿದೆ. ಐವರಲ್ಲಿ ಒಬ್ಬರು ಅಂತಾಯಿತು. ಆ ಒಬ್ಬರು ನಮ್ಮ ನಾಗಮಂಗಲದವರೋ ಕೆ.ಆರ್. ಪೇಟೆಯವರೋ ಆಗಿದ್ದರೆ, ರಕ್ತ ನೋಡದೆ ಗೊತ್ತಾಗುವುದು ಹೇಗೆ?

ಪರೀಕ್ಷೆ ಬೇಡ ಅನ್ನುವವರ ಮಾತಿನ ತಿರುಳು ದುಡ್ಡು. ಬಡವರ ರಕ್ತಕ್ಕೆ ಅಷ್ಟು ಖರ್ಚು ಯಾಕೆ ಅನ್ನುವುದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ಪರೀಕ್ಷೆಯಿಂದ ಲಾಭವಿಲ್ಲ ಅಂತ ಆಫ್ರಿಕಾದ ಅಧ್ಯಯನವೊಂದನ್ನು ಮುಂದಿಡುತ್ತಾರೆ. ಅಲ್ಲಿಯದು ಅಲ್ಲಿಗೆ, ನಮ್ಮ ಹೆಣ್ಣುಮಕ್ಕಳ ಸ್ಥಿತಿ ಆ ಲೆಕ್ಕದಲ್ಲಿ ಇಲ್ಲ. ಕೌನ್ಸೆಲಿಂಗ್ ಹೆಚ್ಚಿಸಿ, ಫೋನ್ ಮಾಡಿ ನೆನಪಿಸಿ ಅನ್ನುತ್ತಾರೆ. ಅದನ್ನೂ ಮಾಡಿ ನೋಡಿದ್ದಾಗಿದೆ. ದಕ್ಷಿಣ ಭಾರತದ 631 ರೋಗಿಗಳನ್ನು ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ವಾರವಾರ ಮೊಬೈಲಿನಲ್ಲಿ ಮಾತ್ರೆ ನೆನಪಿಸಿದರು. 2014ರಲ್ಲಿ ಫಲಿತಾಂಶ ಬಂದಾಗ, ನೆನಪಿಸಿದವರಲ್ಲೂ ನೆನಪಿಸದವರಲ್ಲೂ ಚಿಕಿತ್ಸೆ ಸೋತ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ನಮ್ಮ ಕಡೆ ಕಬ್ಬಿಗೆ ಕೆಂಪು ಕೊಳೆ ಬಂದರೆ ರೈತ ಒಂದು ಜಲ್ಲೆ ಮುರಿದುಕೊಂಡು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗುತ್ತಾನೆ. ಅಲ್ಲಿ ಜಲ್ಲೆ ಸೀಳಿ ಒಳಗೆ ನೋಡುತ್ತಾರೆ. ನೀನು ಔಷಧಿ ಹಾಕಿಯೇ ಇಲ್ಲ, ಸುಳ್ಳು ಹೇಳುತ್ತೀಯ ಅಂತ ಯಾರೂ ಅವನನ್ನು ಮೂರು ತಿಂಗಳು ಅಲೆಸುವುದಿಲ್ಲ. ಜಲ್ಲೆಗೆ ಸಿಗುವ ಆ ಮರ್ಯಾದೆಯನ್ನು ಮನುಷ್ಯರಿಗೂ ಕೊಡಿ ಅಂತ ಕೇಳುತ್ತಿದ್ದೇನೆ. ಪ್ರತಿಯೊಬ್ಬರಿಗೂ ಕೊಡಿ. ಯಾರಿಗೆ ಬೇಕು ಯಾರಿಗೆ ಬೇಡ ಅಂತ ಆರಿಸುವ ಕೆಲಸ ನನ್ನಂಥವರ ಕೈಗೆ ಬಂದರೆ ಏನಾಗುತ್ತದೆ ಅನ್ನುವುದು ಆ ಹಸಿರು ಪುಸ್ತಕದಲ್ಲಿದೆ.

ವಿರೋಧ
ವರದಿಗೆ ಕಾಯುವಷ್ಟರಲ್ಲಿ ರೋಗಿ ಕೈತಪ್ಪುತ್ತಾನೆ
(ಮೈಸೂರಿನಲ್ಲಿ ಎಚ್‌ಐವಿ ಚಿಕಿತ್ಸೆ ನೀಡುತ್ತಿರುವ ವೈದ್ಯರು)

ವಿರೋಧದ ಪಕ್ಷದಲ್ಲಿ ನಿಂತು ಬರೆಯಿರಿ ಎಂದು ಕೇಳಿದಾಗ ಎರಡು ದಿನ ಯೋಚಿಸಿ ಒಪ್ಪಿಕೊಂಡೆ. ಪರೀಕ್ಷೆಯೇ ಬೇಡ ಎನ್ನುವವನು ನಾನಲ್ಲ. ತಾಯಿಯಿಂದ ಸೋಂಕು ಪಡೆದ ಮಕ್ಕಳಿಗೆ, ಎರಡನೇ ಸಾಲಿನ ಔಷಧಿಯೂ ಸೋತವರಿಗೆ ಅದು ಬೇಕೇ ಬೇಕು. ಪ್ರಶ್ನೆಯಲ್ಲಿರುವ "ಪ್ರತಿಯೊಬ್ಬ", "ಬದಲಿಸುವ ಮೊದಲು" ಎಂಬ ಎರಡು ಮಾತುಗಳಿಗೆ ಮಾತ್ರ ನನ್ನ ವಿರೋಧ.

ಮೊದಲನೆಯದಾಗಿ, ಪರೀಕ್ಷೆ ಮಾಡಿಸಿದರೆ ರೋಗಿಗೆ ಒಳ್ಳೆಯದಾಗುತ್ತದೆಯೇ ಎಂಬುದನ್ನು ಅಳೆದು ನೋಡಿದ್ದಾರೆ. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಮೊದಲ ಸಾಲಿನ ಚಿಕಿತ್ಸೆ ಸೋತ 840 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರತಿರೋಧ ಪರೀಕ್ಷೆ ಮಾಡಿಸಿದರು, ಇನ್ನೊಂದಕ್ಕೆ ವಾಡಿಕೆಯ ಚಿಕಿತ್ಸೆ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂಬತ್ತು ತಿಂಗಳ ನಂತರ ವೈರಸ್ ಹತೋಟಿಗೆ ಬಂದಿದ್ದು ಪರೀಕ್ಷೆಯಾದವರಲ್ಲಿ ಶೇ 63, ಆಗದವರಲ್ಲಿ ಶೇ 61. ಅಷ್ಟೇ ವ್ಯತ್ಯಾಸ.

ಕಾರಣ ಕಷ್ಟದ್ದಲ್ಲ. ವರದಿ ಏನೇ ಬರಲಿ, ಮುಂದೆ ಕೊಡುವ ಗುಳಿಗೆ ಹೆಚ್ಚುಕಡಿಮೆ ಅದೇ. ಉಗಾಂಡ, ಕೀನ್ಯಾ, ಜಿಂಬಾಬ್ವೆಗಳಲ್ಲಿ 464 ಮಂದಿಯ ಮೇಲೆ ನಡೆದ ನಾಡಿಯಾ ಅಧ್ಯಯನದಲ್ಲಿ ಡೊಲುಟೆಗ್ರಾವಿರ್ ಪಡೆದ ಹತ್ತರಲ್ಲಿ ಒಂಬತ್ತು ಮಂದಿಯ ವೈರಸ್ 48 ವಾರಗಳಲ್ಲಿ ಹತೋಟಿಯಲ್ಲಿತ್ತು. ಜೊತೆಗೆ ಕೊಟ್ಟ ಹಳೆಯ ಔಷಧಿಗಳು ನಾಟಲಾರವು ಎಂದು ಪರೀಕ್ಷೆ ಹೇಳುತ್ತಿದ್ದವರಲ್ಲೂ ಚಿಕಿತ್ಸೆ ಫಲಿಸಿತು. ಹಾಳೆಯಲ್ಲಿ ಸತ್ತಿದ್ದ ಔಷಧಿ ಮೈಯಲ್ಲಿ ಕೆಲಸ ಮಾಡುತ್ತಿತ್ತು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಗುಳಿಗೆ ನಿಲ್ಲಿಸಿ ಕೆಲವು ವಾರಗಳಾದ ರೋಗಿಯ ರಕ್ತ ಕಳಿಸಿದರೆ ವರದಿ ಚೊಕ್ಕಟವಾಗಿ ಬರುತ್ತದೆ. ಔಷಧಿಯ ಒತ್ತಡ ಇಲ್ಲವಾದ ಮೇಲೆ ಮೂಲ ವೈರಸ್ ಮೇಲುಗೈ ಪಡೆದು, ಪಳಗಿದ ವೈರಸ್ ಕಣ್ಣಿಗೆ ಬೀಳದಷ್ಟು ಕಡಿಮೆಯಾಗುತ್ತದೆ. ಒಟ್ಟು ವೈರಸ್‌ನಲ್ಲಿ ಐದರಲ್ಲೊಂದು ಪಾಲಿಗಿಂತ ಕಡಿಮೆ ಇದ್ದರೆ ಸಾಮಾನ್ಯ ಪರೀಕ್ಷೆಗೆ ಅದು ಸಿಗುವುದೇ ಇಲ್ಲ. ಯಂತ್ರ ಹೇಳಿದ್ದೇ ಸತ್ಯ, ಮನುಷ್ಯನನ್ನು ಏನೂ ಕೇಳಬೇಕಿಲ್ಲ ಎಂದು ವಾದಿಸುವವರು ಇದನ್ನು ಯೋಚಿಸಬೇಕು.

ದೂರದ ಮಾತೂ ಇದೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣ ಕಡೆಯಿಂದ ಬರುವವರು ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ. ವೈರಲ್ ಲೋಡ್‌ಗೆ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ, ಪ್ರತಿರೋಧ ಪರೀಕ್ಷೆಗೆ ರಕ್ತ ಕೊಡಲು ಇನ್ನೊಮ್ಮೆ, ವರದಿಗೆ ಮಗದೊಮ್ಮೆ ಎಂದರೆ ಎಷ್ಟು ಸಲ ಬಂದಾರು? ಬರುವುದನ್ನೇ ಬಿಟ್ಟವರ ಮನೆ ಹುಡುಕಿಕೊಂಡು ನಮ್ಮ ಸಿಬ್ಬಂದಿ ಅಲೆದಿದ್ದಾರೆ. ಕೆಲವರು ಸಿಗಲಿಲ್ಲ. ಡೊಲುಟೆಗ್ರಾವಿರ್‌ಗೂ ಪ್ರತಿರೋಧ ಬರುತ್ತಿದೆ ಎಂಬ ಆತಂಕವಿದ್ದರೆ, ಕೆಲವು ಕೇಂದ್ರಗಳಲ್ಲಿ ಮಾದರಿ ರಕ್ತ ತೆಗೆದು ಆಗಾಗ ಸಮೀಕ್ಷೆ ಮಾಡಲಿ.

ಬಂಡೀಪಾಳ್ಯದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಒಬ್ಬರು ನನ್ನ ರೋಗಿ. ಗುಳಿಗೆ ತಪ್ಪಿಸುವವರಲ್ಲ. ಆದರೂ ವೈರಲ್ ಲೋಡ್ ಎರಡು ಸಲ ಏರಿ ಬಂತು. ಪ್ರತಿರೋಧವೇ ಇರಬೇಕು ಎಂದು ನಾನೂ ಅಂದುಕೊಂಡೆ, ರಕ್ತ ಕಳಿಸುವ ಕಾಗದವನ್ನೂ ಬರೆದಿಟ್ಟೆ. ಅಂದು ಹೊರಗೆ ಜನ ಕಡಿಮೆ ಇದ್ದರು. ಕೂರಿಸಿಕೊಂಡು, ರಾತ್ರಿ ಊಟದಿಂದ ಮಲಗುವವರೆಗೆ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ ಎಂದೆ. "ಊಟ ಮಾಡ್ತೀನಿ ಸಾರ್, ಗುಳಿಗೆ ನುಂಗ್ತೀನಿ, ಗ್ಯಾಸಿಗೆ ಎರಡು ಮುಚ್ಚಳ ಔಷಧಿ ಕುಡೀತೀನಿ, ಮಲಗ್ತೀನಿ" ಎಂದರು. ಮೆಡಿಕಲ್ ಸ್ಟೋರಿನಲ್ಲಿ ಕೊಂಡ ಆ ಗುಲಾಬಿ ಬಣ್ಣದ ಔಷಧಿಯಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಡೊಲುಟೆಗ್ರಾವಿರ್ ಹೊಟ್ಟೆಯಲ್ಲಿ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೋಗುತ್ತದೆ. ಗುಳಿಗೆ ನುಂಗಿ ಎರಡು ಗಂಟೆಯಾದರೂ ಕಳೆದ ಮೇಲೆ ಅದನ್ನು ಕುಡಿಯಬೇಕು, ಅದನ್ನೇ ಮೊದಲು ಕುಡಿದಿದ್ದರೆ ಗುಳಿಗೆಗೆ ಆರು ಗಂಟೆ ಕಾಯಬೇಕು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಗುಳಿಗೆ, ಗ್ಯಾಸಿನದು ರಾತ್ರಿಗೆ ಎಂದು ಬದಲಿಸಿದೆವು. ಮೂರು ತಿಂಗಳ ನಂತರದ ವೈರಲ್ ಲೋಡ್‌ನಲ್ಲಿ ವೈರಸ್ ಕಾಣಲಿಲ್ಲ. ರಕ್ತ ಕಳಿಸಲು ಬರೆದಿಟ್ಟ ಕಾಗದ ಇನ್ನೂ ಅವರ ಫೈಲಿನಲ್ಲೇ ಇದೆ.