ಕಾಲಿಡದೆ ಕಂಡ ಖಂಡ

ಸ್ಥಳ ಪರಿಶೀಲನೆ ಎಂದರೆ ಕಾರಿನ ಗಾಜು ಇಳಿಸಿ, ನೋಡಿ, ಮತ್ತೆ ಏರಿಸುವುದು ಎಂದು ನಂಬಿರುವ ಅಧಿಕಾರಿಗಳಿಗೆ ಒಬ್ಬ ಕುಲಗುರು ಬೇಡವೇ? ಫ್ರೆಂಚ್ ನೌಕಾಪಡೆಯ ಈವ್ ಜೋಸೆಫ್ ಡಿ ಕೆರ್ಗೆಲೆನ್ ಸಾಹೇಬರ ಹೆಸರನ್ನು ಸೂಚಿಸುತ್ತೇನೆ. ಅನುಮೋದಿಸುವವರು ಕೈ ಎತ್ತಬಹುದು.

1772ರ ಫೆಬ್ರವರಿಯಲ್ಲಿ, ಹಿಂದೂ ಮಹಾಸಾಗರದ ದಕ್ಷಿಣದ ಮಂಜಿನಲ್ಲಿ, ಸಾಹೇಬರಿಗೆ ನೆಲ ಕಂಡಿತು. ದಡಕ್ಕಿಳಿದು ರಾಜನ ಹೆಸರಿನಲ್ಲಿ ಅದನ್ನು ವಶಕ್ಕೆ ಪಡೆದವರು ಜೊತೆಗಿದ್ದ ‘ಗ್ರೋ ವಾಂತ್ರ್’ ಹಡಗಿನವರು. ಸಾಹೇಬರು ಇಳಿಯಲಿಲ್ಲ. ಇಳಿದವರ ದಾರಿಯನ್ನೂ ಕಾಯಲಿಲ್ಲ. ಸೀದಾ ಮಾರಿಷಸ್, ಅಲ್ಲಿಂದ ಫ್ರಾನ್ಸ್.

ಕಾಲಿಗೆ ಮಣ್ಣು ಅಂಟದಿದ್ದರೇನಂತೆ, ವರದಿ ಭರ್ಜರಿಯಾಗಿತ್ತು. ನೆಲಕ್ಕೆ ‘ಫ್ರಾನ್ಸ್ ಆಸ್ತ್ರಾಲ್’, ಅಂದರೆ ದಕ್ಷಿಣದ ಫ್ರಾನ್ಸ್, ಎಂಬ ನಾಮಕರಣ. ಅಲ್ಲಿ ಮರ ಸಿಗುತ್ತದೆ, ಖನಿಜ ಸಿಗುತ್ತದೆ, ವಜ್ರ ಮಾಣಿಕ್ಯಗಳೂ ಸಿಕ್ಕಾವು. ಅಕ್ಷಾಂಶ ನೋಡಿದರೆ ತಾಯ್ನಾಡಿನ ಬೆಳೆಯೆಲ್ಲ ಬರಬೇಕು! ಪ್ಯಾರಿಸ್ ಉತ್ತರಕ್ಕೆ ಸುಮಾರು 49 ಡಿಗ್ರಿ, ಇದು ದಕ್ಷಿಣಕ್ಕೆ ಸುಮಾರು 49. ಲೆಕ್ಕ ಸರಿಯಾಗಿಯೇ ಇದೆ, ದ್ರಾಕ್ಷಿಬಳ್ಳಿಗೆ ಯಾರಾದರೂ ತಿಳಿಸಿ ಹೇಳಬೇಕಿತ್ತು, ಅಷ್ಟೆ.

ಅಂಗೈಯಲ್ಲಿ ಅರಮನೆ ಕಂಡ 15ನೇ ಲೂಯಿ ಬಡ್ತಿ ಕೊಟ್ಟ, ಪದಕ ತೊಡಿಸಿದ, ಮೂರು ಹಡಗು ಕೊಟ್ಟು ಮತ್ತೆ ಕಳುಹಿಸಿದ. ಮಹಿಳೆಯರನ್ನು ಹತ್ತಿಸಬಾರದೆಂಬ ನಿಯಮವಿದ್ದ ಹಡಗಿಗೆ ಸಾಹೇಬರು ಲೂಯಿಸ್ ಎಂಬ ಹದಿಹರೆಯದ ಹುಡುಗಿಯನ್ನೂ ಗುಟ್ಟಾಗಿ ಹತ್ತಿಸಿಕೊಂಡರು. 1774ರ ಜನವರಿಯಲ್ಲಿ ದಡಕ್ಕಿಳಿದು, ಸೀಸೆಯೊಳಗೆ ಒಡೆತನದ ಪತ್ರ ಬಿಟ್ಟು ಬಂದದ್ದು ಕೈಕೆಳಗಿನವರು. ಸಾಹೇಬರು? ಈ ಸಲವೂ ಡೆಕ್ಕಿನ ಮೇಲೆ.

ಮರವೊಂದೂ ಇಲ್ಲದ ನೆಲ. ಗಾಳಿ, ಮಳೆ, ಪೆಂಗ್ವಿನ್, ಒಂದು ಬಗೆಯ ಕಾಡು ಕೋಸು. ವಜ್ರದ ಬದಲು ಕೋಸು ಬಂತೆಂದು ಗೊತ್ತಾದಾಗ ವಿಚಾರಣೆ ನಡೆಯಿತು. 1775ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಹುದ್ದೆ ಕಿತ್ತುಕೊಂಡು ಜೈಲಿಗೆ ಕಳುಹಿಸಿದರು. ವರದಿಯನ್ನು ಕಣ್ಣುಮುಚ್ಚಿ ನಂಬಿದ ಆಸ್ಥಾನದವರನ್ನು ಮಾತ್ರ ಯಾವ ಕಟಕಟೆಗೂ ಹತ್ತಿಸಲಿಲ್ಲ. ಅದು ಎಲ್ಲಾದರೂ ಉಂಟೆ?

1776ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿಗೆ ಹೋದ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಜನಕ್ಕೆ ಆ ಸೀಸೆ ಸಿಕ್ಕಿತು. ಈ ಬರಡು ನೆಲಕ್ಕೆ ‘ಹಾಳು ದ್ವೀಪ’ ಎನ್ನುವುದೇ ಸರಿ, ಆದರೆ ಕೆರ್ಗೆಲೆನ್‌ಗೆ ಸಲ್ಲಬೇಕಾದ ಗೌರವವನ್ನು ಕಸಿಯಲಾರೆ ಎಂದು ಬರೆದಿಟ್ಟ ಕುಕ್. ಆ ಗೌರವದ ವಾರಸುದಾರರು ಅಷ್ಟರಲ್ಲಿ ಜೈಲಿನಲ್ಲಿದ್ದರು.

ಮುಂದೆ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ರಾಜನ ಕಾಲದಲ್ಲಿ ಜೈಲು ಕಂಡವರೆಂದರೆ ಅದೇ ಒಂದು ಅರ್ಹತೆ. 1793ರಲ್ಲಿ ಸಾಹೇಬರು ರಿಯರ್ ಅಡ್ಮಿರಲ್ ಆದರು.